ನಮ್ಮ ದೇಶದ ಬಾವಿಗಳಿಂದ ಇನ್ನೆಷ್ಟು ತೈಲ ಬಂದೀತು?

ಸ್ಕೂಟರ್ ಸರ್ವಿಸ್‌ಗೆ ಬಿಟ್ಟು ಗ್ಯಾರೇಜ್ ಮುಂದೆ ಸ್ಟೂಲ್ ಹಾಕಿಕೊಂಡು ಕೂತಿದ್ದೆ. ವಿಜಯನಗರದ ಒಳರಸ್ತೆಯ ಸಣ್ಣ ಗ್ಯಾರೇಜ್ ಅದು. ಆಯಿಲ್ ಬದಲಿಸುತ್ತಿದ್ದ ಮೆಕ್ಯಾನಿಕ್ ತಲೆ ಎತ್ತಿ ಕೇಳಿದ: “ಮೇಡಂ, ಅಂಡಮಾನ್ ಹತ್ರ ಸಮುದ್ರದಲ್ಲಿ ಸಿಕ್ಕಾಪಟ್ಟೆ ತೈಲ ಸಿಕ್ಕಿದೆಯಂತೆ? ವಾಟ್ಸ್‌ಆ್ಯಪ್‌ನಲ್ಲಿ ಬಂದಿತ್ತು. ಇನ್ನು ಹೊರಗಿಂದ ತರಿಸೋದೇ ಬೇಡ, ಪೆಟ್ರೋಲ್ ಐವತ್ತು ರೂಪಾಯಿಗೆ ಸಿಗುತ್ತೆ ಅಂತ ಹಾಕಿದ್ರು. ಹೌದಾ?”

ಇಲ್ಲ ಅಂತ ಒಂದೇ ಮಾತಲ್ಲಿ ಹೇಳಬಹುದಿತ್ತು. ಆದರೆ ಆ ಪ್ರಶ್ನೆಯ ಒಳಗೆ ಮೂರು ಪ್ರಶ್ನೆ ಇವೆ. ನಮ್ಮ ದೇಶದಲ್ಲಿ ಎಷ್ಟು ತೈಲ ತೆಗೆಯುತ್ತಿದ್ದೇವೆ? ಅದು ಮುಂದೆ ಜಾಸ್ತಿ ಆಗುತ್ತದಾ, ಕಮ್ಮಿ ಆಗುತ್ತದಾ? ಜಾಸ್ತಿ ಆದರೆ ಬಂಕ್‌ನಲ್ಲಿ ರೇಟು ಇಳಿಯುತ್ತದಾ? ಸ್ಕೂಟರ್ ರೆಡಿ ಆಗುವಷ್ಟರಲ್ಲಿ ನನಗೆ ತಿಳಿದಷ್ಟನ್ನು ಅವನಿಗೆ ಹೇಳಿದೆ. ಅದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ.

ಮೊದಲು ಲೆಕ್ಕ. 2011–12ರಲ್ಲಿ ಭಾರತ ಸುಮಾರು 3.8 ಕೋಟಿ ಟನ್ ಕಚ್ಚಾ ತೈಲ ತೆಗೆದಿತ್ತು. ಅದಕ್ಕಿಂತ ಜಾಸ್ತಿ ನಾವು ಯಾವತ್ತೂ ತೆಗೆದಿಲ್ಲ. ಅಲ್ಲಿಂದ ಇಳಿಯುತ್ತಾ ಬಂದು 2024–25ರಲ್ಲಿ ಸುಮಾರು 2.87 ಕೋಟಿ ಟನ್‌ಗೆ ಬಂದು ನಿಂತಿದೆ. ಅಂದರೆ ದಿನಕ್ಕೆ ಹೆಚ್ಚೂಕಡಿಮೆ 5.75 ಲಕ್ಷ ಬ್ಯಾರೆಲ್. ಒಂದು ಬ್ಯಾರೆಲ್ ಅಂದರೆ 159 ಲೀಟರ್. ಇದೇ ಅವಧಿಯಲ್ಲಿ ನಾವು ಬಳಸುವ ಪೆಟ್ರೋಲ್, ಡೀಸೆಲ್, ಅಡುಗೆ ಅನಿಲ, ವಿಮಾನದ ಇಂಧನ ಎಲ್ಲ ಸೇರಿ ಸುಮಾರು 14.8 ಕೋಟಿ ಟನ್‌ನಿಂದ 23.9 ಕೋಟಿ ಟನ್‌ಗೆ ಏರಿತು. ಬೇಕಾದದ್ದು ಏರುತ್ತಿದೆ, ನಮ್ಮದು ಇಳಿಯುತ್ತಿದೆ. ಹಾಗಾಗಿ ಇವತ್ತು ನೂರು ಲೀಟರ್ ಬೇಕಾದರೆ 88 ಲೀಟರ್ ಹೊರಗಿನಿಂದ ಬರುತ್ತದೆ.

ಈ ಅವಲಂಬನೆ ಕಮ್ಮಿ ಮಾಡಬೇಕು ಅಂತ 2015ರಲ್ಲಿ ಕೇಂದ್ರ ಸರ್ಕಾರ ಗುರಿ ಇಟ್ಟಿತ್ತು. ಆಗ ಆಮದು ಶೇ 77ರಷ್ಟಿತ್ತು. 2022ರೊಳಗೆ ಅದನ್ನು 67ಕ್ಕೆ ಇಳಿಸಬೇಕು ಅನ್ನುವುದು ಯೋಜನೆ. ಇಳಿಯುವ ಬದಲು ಅದು 88ಕ್ಕೆ ಏರಿದೆ. ಯಾಕೆ ಹೀಗಾಯಿತು ಅನ್ನುವುದು ಗೊತ್ತಾದರೆ ಮುಂದೇನು ಅನ್ನುವುದು ಮುಕ್ಕಾಲು ಪಾಲು ಗೊತ್ತಾದ ಹಾಗೆ.

ಬೋರ್‌ವೆಲ್ ಬಲ್ಲವರಿಗೆ ಇದು ಹೊಸದಲ್ಲ

ಬೆಂಗಳೂರಿನವರಿಗೆ ತೈಲಬಾವಿಯ ಕತೆ ಅರ್ಥ ಮಾಡಿಸುವುದು ಸುಲಭ. ನಮ್ಮ ಮನೆಯಲ್ಲಿ ಅಪ್ಪ 1996ರಲ್ಲಿ ಬೋರ್ ಕೊರೆಸಿದಾಗ 250 ಅಡಿಗೆ ಎರಡೂವರೆ ಇಂಚು ನೀರು ಬಿತ್ತು. ರಸ್ತೆಯವರೆಲ್ಲ ಬಂದು ನೋಡಿದ್ದರು. ಹತ್ತು ವರ್ಷಕ್ಕೆ ನೀರು ಸಣ್ಣಗಾಯಿತು. ಮೋಟರ್ ಇನ್ನಷ್ಟು ಕೆಳಗೆ ಇಳಿಸಿದೆವು. ಆಮೇಲೆ ಗ್ಯಾಪ್ ಕೊಟ್ಟು ಕೊಟ್ಟು ಬರತೊಡಗಿತು. ಫ್ಲಶಿಂಗ್ ಮಾಡಿಸಿದೆವು, ಒಂದೆರಡು ವರ್ಷ ಪರವಾಗಿಲ್ಲ ಅನ್ನಿಸಿತು. ಕೊನೆಗೆ ಪಕ್ಕದಲ್ಲೇ 900 ಅಡಿ ಹೊಸ ಬೋರ್ ಹೊಡೆಸಿದರೆ ಬಂದದ್ದು ಒಂದಿಂಚು. ಖರ್ಚು ಮಾತ್ರ ಮೊದಲಿನದಕ್ಕಿಂತ ಎಷ್ಟೋ ಪಟ್ಟು. 2024ರ ಬೇಸಿಗೆಯಲ್ಲಿ ನಗರದ 13,900 ಸಾರ್ವಜನಿಕ ಬೋರ್‌ವೆಲ್‌ಗಳಲ್ಲಿ 6,900 ಒಣಗಿವೆ ಅಂತ ಸರ್ಕಾರವೇ ಹೇಳಿತ್ತು. ನಮ್ಮ ಮನೆಯ ಕತೆ ಊರಿನದೇ ಕತೆ.

ತೈಲಕ್ಷೇತ್ರವೂ ಹೆಚ್ಚೂಕಡಿಮೆ ಹೀಗೇ ನಡೆದುಕೊಳ್ಳುತ್ತದೆ. ಒಂದು ದೊಡ್ಡ ವ್ಯತ್ಯಾಸ ಇದೆ. ಮಳೆ ಬಂದರೆ ಬೋರ್‌ವೆಲ್‌ಗೆ ಸ್ವಲ್ಪವಾದರೂ ನೀರು ಮರಳುತ್ತದೆ. ತೈಲ ಆಗುವುದಕ್ಕೆ ಕೋಟಿಗಟ್ಟಲೆ ವರ್ಷ ಬೇಕು. ತೆಗೆದದ್ದು ತೆಗೆದ ಹಾಗೆ.

ನೆಲದೊಳಗೆ ತೈಲದ ಕೆರೆ ಇರುತ್ತದೆ, ಪೈಪ್ ಇಳಿಸಿ ಹೀರಿದರೆ ಆಯಿತು ಅಂತ ಬಹಳ ಜನ ಅಂದುಕೊಳ್ಳುತ್ತಾರೆ. ಕೆರೆ ಇರುವುದಿಲ್ಲ. ಕಲ್ಲು ಇರುತ್ತದೆ. ಮರಳುಗಲ್ಲು ಇಲ್ಲವೇ ಸುಣ್ಣಕಲ್ಲು. ಆ ಕಲ್ಲಿನ ಕಣ್ಣಿಗೆ ಕಾಣದ ಸಂದುಗಳಲ್ಲಿ, ಸಕ್ಕರೆ ಪಾಕ ಹೀರಿಕೊಂಡ ಜಾಮೂನಿನ ಹಾಗೆ, ತೈಲ ತುಂಬಿಕೊಂಡಿರುತ್ತದೆ. ಮೇಲಿನ ನೆಲದ ಭಾರಕ್ಕೆ ಅದು ಒತ್ತಡದಲ್ಲಿರುತ್ತದೆ. ಮೊದಲ ಸಲ ಬಾವಿ ಕೊರೆದಾಗ ಗೋಲಿ ಸೋಡಾ ಒಡೆದ ಹಾಗೆ ತೈಲ ತಾನಾಗಿ ಉಕ್ಕಿ ಬರುತ್ತದೆ. ಸೋಡಾದ ಗ್ಯಾಸ್ ಹೋದ ಮೇಲೆ ಬಾಟಲಿಯಲ್ಲಿ ಸೋಡಾ ಉಳಿದಿದ್ದರೂ ಉಕ್ಕುವುದಿಲ್ಲ ಅಲ್ವಾ? ತೈಲಕ್ಷೇತ್ರವೂ ಹಾಗೆ. ಒತ್ತಡ ಇಳಿದಂತೆ ಉತ್ಪಾದನೆ ಇಳಿಯುತ್ತದೆ, ಒಳಗೆ ತೈಲ ಇನ್ನೂ ಬೇಕಾದಷ್ಟು ಇರುವಾಗಲೇ.

ಆಗ ಸುತ್ತಲಿನ ಬೇರೆ ಬಾವಿಗಳಿಂದ ನೀರನ್ನು ಒಳಗೆ ತಳ್ಳುತ್ತಾರೆ. ನೀರು ತೈಲವನ್ನು ದೂಡಿಕೊಂಡು ಹೋಗಿ ಬಾವಿಯ ಬುಡಕ್ಕೆ ತರುತ್ತದೆ. ಕೆಲವು ವರ್ಷ ಇದು ಚೆನ್ನಾಗಿ ನಡೆಯುತ್ತದೆ. ಆಮೇಲೆ ನೀರಿಗೆ ಸಲೀಸಾದ ದಾರಿ ಸಿಕ್ಕಿಬಿಡುತ್ತದೆ. ತೈಲವನ್ನು ಅಲ್ಲಲ್ಲೇ ಬಿಟ್ಟು ನೀರೇ ಓಡಿ ಬರುತ್ತದೆ. ಹಳೇ ಬಾವಿಗಳಿಂದ ಬರುವ ದ್ರವದಲ್ಲಿ ತೈಲಕ್ಕಿಂತ ನೀರೇ ಜಾಸ್ತಿ ಇರುವುದು ಇದಕ್ಕೇ. ಜಗತ್ತಿನಲ್ಲಿ ಸರಾಸರಿ ನೋಡಿದರೆ ಕಲ್ಲಿನಲ್ಲಿರುವ ತೈಲದಲ್ಲಿ ಮೂರನೇ ಒಂದು ಪಾಲು ಮಾತ್ರ ಮೇಲಕ್ಕೆ ಬರುತ್ತದೆ. ಉಳಿದದ್ದು ಕಲ್ಲಿನಲ್ಲೇ ಉಳಿಯುತ್ತದೆ. ಈ ಉಳಿದ ಪಾಲಿನ ಮೇಲೆಯೇ ಭಾರತದ ದೊಡ್ಡ ಆಸೆ ನಿಂತಿದೆ. ಅದಕ್ಕೆ ಆಮೇಲೆ ಬರುತ್ತೇನೆ.

ಒಂದು ಬಾವಿಯ ಬೆನ್ನ ಮೇಲೆ ಕೂತ ದೇಶ

ನಮ್ಮ ತೈಲದ ಇತಿಹಾಸ ಅಸ್ಸಾಮಿನ ದಿಗ್ಬಾಯ್‌ನಲ್ಲಿ ಶುರು. ಅಲ್ಲಿ 1889ರಲ್ಲೇ ತೈಲ ಸಿಕ್ಕಿತ್ತು, 1901ರಲ್ಲಿ ರಿಫೈನರಿ ಬಂತು. ಸ್ವಾತಂತ್ರ್ಯ ಬಂದ ಮೇಲೆ 1956ರಲ್ಲಿ ಸರ್ಕಾರಿ ತೈಲ ಸಂಸ್ಥೆ ಓಎನ್‌ಜಿಸಿ ಹುಟ್ಟಿತು. ಗುಜರಾತಿನ ಖಂಭಾತ್, ಅಂಕಲೇಶ್ವರಗಳಲ್ಲಿ ತೈಲ ಸಿಕ್ಕಿತು. ಆದರೆ ಲೆಕ್ಕವನ್ನೇ ಬದಲಿಸಿದ್ದು ಮುಂಬೈ ಎದುರಿನ ಸಮುದ್ರದ ತೈಲಕ್ಷೇತ್ರ, ಬಾಂಬೆ ಹೈ.

1973ರಲ್ಲಿ ಅರಬ್ ದೇಶಗಳು ತೈಲ ಪೂರೈಕೆ ಬಿಗಿ ಮಾಡಿದಾಗ ಜಗತ್ತಿನ ರೇಟು ನಾಲ್ಕು ಪಟ್ಟಾಯಿತು. ಮರುವರ್ಷ, 1974ರ ಫೆಬ್ರುವರಿಯಲ್ಲಿ, ಮುಂಬೈಯಿಂದ ಸುಮಾರು 160 ಕಿಲೋಮೀಟರ್ ದೂರದ ಸಮುದ್ರದಲ್ಲಿ ‘ಸಾಗರ್ ಸಾಮ್ರಾಟ್’ ಅನ್ನುವ ರಿಗ್ ಕೊರೆದ ಬಾವಿಯಲ್ಲಿ ತೈಲ ಬಿತ್ತು. ಎರಡೇ ವರ್ಷದಲ್ಲಿ, 1976ರ ಮೇ ತಿಂಗಳಲ್ಲಿ, ಉತ್ಪಾದನೆ ಶುರುವಾಯಿತು. ಇವತ್ತಿಗೂ ಆ ವೇಗ ನೆನೆದರೆ ನನಗೆ ಹೆಮ್ಮೆ ಅನ್ನಿಸುತ್ತದೆ. 1980–81ರಲ್ಲಿ ಇಡೀ ದೇಶದ ಉತ್ಪಾದನೆ 1.05 ಕೋಟಿ ಟನ್. 1984–85ಕ್ಕೆ ಅದು 2.9 ಕೋಟಿ ಟನ್. ನಾಲ್ಕೇ ವರ್ಷದಲ್ಲಿ ಎರಡೂವರೆ ಪಟ್ಟಿಗೂ ಜಾಸ್ತಿ. ಆ ಹೊತ್ತಿಗೆ ಬಾಂಬೆ ಹೈ ಒಂದರಿಂದಲೇ ದಿನಕ್ಕೆ 4 ಲಕ್ಷ ಬ್ಯಾರೆಲ್‌ಗೂ ಹೆಚ್ಚು ಬರುತ್ತಿತ್ತು.

ಈಗ ಹಿಂದಿನ ಅಂಕಿಯನ್ನು ಇನ್ನೊಮ್ಮೆ ನೋಡಿ. 1984–85ರಲ್ಲಿ 2.9 ಕೋಟಿ ಟನ್. 2024–25ರಲ್ಲಿ 2.87 ಕೋಟಿ ಟನ್. ನಲವತ್ತು ವರ್ಷ ಕಳೆದು ನಾವು ಅಲ್ಲಿಗೇ ಬಂದಿದ್ದೇವೆ. ಆಗ ಅಷ್ಟು ತೈಲ ದೇಶದ ಅಗತ್ಯದಲ್ಲಿ ಅರ್ಧಕ್ಕಿಂತ ಎಷ್ಟೋ ಜಾಸ್ತಿ ತುಂಬುತ್ತಿತ್ತು. ಈಗ ಎಂಟರಲ್ಲಿ ಒಂದು ಪಾಲು.

ಬಾಂಬೆ ಹೈಗೆ ಈಗ ಐವತ್ತು ವರ್ಷ. ಅಲ್ಲಿ ಈಗ ಬರುತ್ತಿರುವುದು ಅದರ ಒಳ್ಳೆಯ ಕಾಲದ ಮೂರನೇ ಒಂದು ಪಾಲಿಗಿಂತ ಕಮ್ಮಿ. ಇದು ಯಾರದೋ ಸೋಮಾರಿತನದಿಂದ ಆದದ್ದು ಅಂತ ಹೇಳಿದರೆ ಅಲ್ಲಿ ಬಿರುಗಾಳಿಯಲ್ಲಿ ಪ್ಲಾಟ್‌ಫಾರ್ಮ್ ಮೇಲೆ ವಾರಗಟ್ಟಲೆ ಕೆಲಸ ಮಾಡುವವರಿಗೆ ಅನ್ಯಾಯ ಆಗುತ್ತದೆ. ಕಲ್ಲಿಗೆ ವಯಸ್ಸಾಗಿದೆ. ತಪ್ಪು ಆಗಿದ್ದು ಬೇರೆ ಕಡೆ. ಆ ಬಾವಿ ಚೆನ್ನಾಗಿ ಕೊಡುತ್ತಿದ್ದ ಕಾಲದಲ್ಲಿ ಅದರಷ್ಟು ದೊಡ್ಡ ಇನ್ನೊಂದನ್ನು ಹುಡುಕಲು ಬೇಕಾದಷ್ಟು ಹಣ, ಧೈರ್ಯ ಎರಡನ್ನೂ ನಾವು ಹಾಕಲಿಲ್ಲ.

ನಡುವೆ ಒಂದು ಒಳ್ಳೆಯ ಸುದ್ದಿ ಬಂದಿತ್ತು. 2004ರ ಜನವರಿಯಲ್ಲಿ ರಾಜಸ್ಥಾನದ ಬಾಡ್ಮೇರ್ ಮರುಭೂಮಿಯಲ್ಲಿ ಕೇರ್ನ್ ಕಂಪನಿಗೆ ‘ಮಂಗಳಾ’ ಕ್ಷೇತ್ರ ಸಿಕ್ಕಿತು. 2009ರ ಆಗಸ್ಟ್‌ನಲ್ಲಿ ಉತ್ಪಾದನೆ ಶುರು. 2011–12ರ ದಾಖಲೆಗೆ ದೊಡ್ಡ ಕಾರಣ ಇದೇ. ಅಲ್ಲಿನ ತೈಲದಲ್ಲಿ ಮೇಣ ಜಾಸ್ತಿ. ಡಿಸೆಂಬರ್ ಚಳಿಯಲ್ಲಿ ನಮ್ಮ ಬಚ್ಚಲಿನ ಕೊಬ್ಬರಿ ಎಣ್ಣೆ ಬಾಟಲಿ ಗಟ್ಟಿಯಾಗುತ್ತದಲ್ಲ, ಹಾಗೆ ಅದು ಮಾಮೂಲಿ ಹವೆಯಲ್ಲೇ ಹೆಪ್ಪುಗಟ್ಟುತ್ತದೆ. ಅದಕ್ಕೆ ಬಾಡ್ಮೇರ್‌ನಿಂದ ಗುಜರಾತಿನ ಕರಾವಳಿಯವರೆಗೆ ಸುಮಾರು 670 ಕಿಲೋಮೀಟರ್ ಪೈಪ್‌ಲೈನ್ ಹಾಕಿ, ಉದ್ದಕ್ಕೂ ಬಿಸಿ ಆರದಂತೆ ಕಾಯುತ್ತಾ ತೈಲ ಸಾಗಿಸುತ್ತಾರೆ. ಇಷ್ಟು ಉದ್ದದ ಬಿಸಿ ಪೈಪ್‌ಲೈನ್ ಜಗತ್ತಿನಲ್ಲಿ ಬೇರೆ ಇಲ್ಲ. ಅದ್ಭುತ ಕೆಲಸ. ಆದರೆ ಮಂಗಳಾ ಕೂಡ ಹತ್ತೇ ವರ್ಷದಲ್ಲಿ ಇಳಿಜಾರಿಗೆ ಬಂತು. ಈಗ ಆ ಬ್ಲಾಕ್‌ನ, ಅಂದರೆ ಮಂಗಳಾ ಸೇರಿದ ಇಡೀ ಗುತ್ತಿಗೆ ಪ್ರದೇಶದ, ಉತ್ಪಾದನೆ ಅದರ ಏರುಗಾಲದ ಅರ್ಧಕ್ಕಿಂತ ಕಮ್ಮಿ.

ತೂತಿನ ಕೊಡ

ಇಲ್ಲಿ ಒಂದು ಲೆಕ್ಕ ಹಾಕೋಣ. ನನ್ನ ಮಟ್ಟಿಗೆ ಇಡೀ ವಿಷಯದ ತಿರುಳು ಇದೇ.

ಏರುಗಾಲ ದಾಟಿದ ತೈಲಕ್ಷೇತ್ರಗಳು ವರ್ಷಕ್ಕೆ ಸರಾಸರಿ ಶೇ 5.6ರಷ್ಟು ಇಳಿಯುತ್ತವೆ ಅಂತ ಅಂತರರಾಷ್ಟ್ರೀಯ ಇಂಧನ ಸಂಸ್ಥೆ, ಅಂದರೆ ಐಇಎ, 2025ರ ವರದಿಯಲ್ಲಿ ಹೇಳಿದೆ. ಇದು ಇಡೀ ಜಗತ್ತಿನ ಸರಾಸರಿ. ಅದನ್ನೇ ನಮ್ಮ 2.87 ಕೋಟಿ ಟನ್‌ಗೆ ಹಾಕಿ ನೋಡಿ. ಹೊಸದೇನೂ ಮಾಡದೆ ಸುಮ್ನೆ ಕೂತರೆ ವರ್ಷಕ್ಕೆ ಸುಮಾರು 16 ಲಕ್ಷ ಟನ್ ಕೈಬಿಟ್ಟು ಹೋಗುತ್ತದೆ.

ಈಗ ಹೊಸದಾಗಿ ಏನು ಬರುತ್ತಿದೆ ನೋಡೋಣ. ಆಂಧ್ರದ ಕಾಕಿನಾಡ ಎದುರಿನ ಆಳ ಸಮುದ್ರದಲ್ಲಿ ಓಎನ್‌ಜಿಸಿಯ ಕೃಷ್ಣಾ–ಗೋದಾವರಿ ಯೋಜನೆ ಇದೆ. ಕಾಗದದಲ್ಲಿ ಅದರ ಹೆಸರು ‘ಕೆಜಿ–ಡಿಡಬ್ಲ್ಯುಎನ್–98/2’. ಸುಮಾರು 500 ಕೋಟಿ ಡಾಲರ್ ಹೂಡಿಕೆಗೆ 2016ರಲ್ಲಿ ಒಪ್ಪಿಗೆ ಸಿಕ್ಕಿತು. ಅಂದುಕೊಂಡದ್ದಕ್ಕಿಂತ ವರ್ಷಗಟ್ಟಲೆ ತಡವಾಗಿ, 2024ರ ಜನವರಿ 7ರಂದು ಮೊದಲ ತೈಲ ಬಂತು. ಪೂರ್ತಿ ಹರಿದಾಗ ದಿನಕ್ಕೆ 45,000 ಬ್ಯಾರೆಲ್ ಬರಬೇಕು ಅನ್ನುವುದು ಗುರಿ. ವರ್ಷಕ್ಕೆ ಹಾಕಿದರೆ ಸುಮಾರು 22 ಲಕ್ಷ ಟನ್.

ಅಂದರೆ ಇಷ್ಟು ಹಣ, ಇಷ್ಟು ವರ್ಷ, ಇಷ್ಟು ಶ್ರಮದ ಯೋಜನೆ ಗುರಿ ಮುಟ್ಟಿದರೂ ತುಂಬುವುದು ಹಳೇ ಬಾವಿಗಳ ಒಂದೂಕಾಲು, ಒಂದೂವರೆ ವರ್ಷದ ಇಳಿಕೆಯನ್ನು. ತೂತಿನ ಕೊಡಕ್ಕೆ ನೀರು ಹೊತ್ತು ಹಾಕಿದ ಹಾಗೆ. ಕೊಡದ ಮಟ್ಟ ಏರುತ್ತಿಲ್ಲ ಅಂದರೆ ಯಾರೂ ನೀರು ಹೊರುತ್ತಿಲ್ಲ ಅಂತ ಅಲ್ಲ. 2021–22ರಿಂದ ನಮ್ಮ ಉತ್ಪಾದನೆ 2.97, 2.92, 2.94, 2.87 ಕೋಟಿ ಟನ್ ಅಂತ ಹೆಚ್ಚೂಕಡಿಮೆ ಒಂದೇ ಕಡೆ ನಿಂತಿದೆ. ಅದಕ್ಕೆ ಮೊದಲಿನ ವರ್ಷಗಳಲ್ಲಿ ಒಂದೊಂದು ವರ್ಷಕ್ಕೆ 15–20 ಲಕ್ಷ ಟನ್ ಜಾರುತ್ತಿತ್ತು. ಜಾರುವುದು ನಿಧಾನವಾಗಿದೆ. ಈ ಬದಲಾವಣೆ ಸಣ್ಣದಲ್ಲ. ಅದರ ಹಿಂದೆ ಬಹಳ ಜನರ ದುಡಿಮೆ ಇದೆ. ಪತ್ರಿಕೆಗಳಲ್ಲಿ ಇದು ದೊಡ್ಡ ಸುದ್ದಿ ಆಗುವುದೇ ಇಲ್ಲ ಅನ್ನುವುದು ನನಗೆ ಬೇಸರದ ವಿಷಯ.

ಕಲ್ಲಿನಲ್ಲಿ ಉಳಿದ ಪಾಲು

ಹಾಗಾದರೆ ಮುಂದೆ ಎಲ್ಲಿಂದ ಬರಬೇಕು? ಎರಡು ದಾರಿ. ಹಳೇ ಕ್ಷೇತ್ರದಲ್ಲಿ ಉಳಿದದ್ದನ್ನು ಹಿಂಡುವುದು, ಹೊಸ ಕ್ಷೇತ್ರ ಹುಡುಕುವುದು.

ಮೊದಲ ದಾರಿ ಹೆಚ್ಚು ನಂಬಬಹುದಾದದ್ದು. ತೈಲ ಇದೆ ಅಂತ ಗೊತ್ತು, ಎಲ್ಲಿದೆ ಅಂತಲೂ ಗೊತ್ತು. ಮಂಗಳಾದಲ್ಲಿ ಮಾಡಿದ್ದನ್ನೇ ನೋಡಿ. ಬರೀ ನೀರು ತಳ್ಳಿದರೆ ಅದು ತೈಲದ ಪಕ್ಕದಿಂದ ನುಸುಳಿ ಬರುತ್ತದೆ ಅಂದೆನಲ್ಲ. ಅದಕ್ಕೆ ನೀರಿಗೆ ಪಾಲಿಮರ್ ಅನ್ನುವ ರಾಸಾಯನಿಕ ಬೆರೆಸಿ ಗಂಜಿಯ ಹಾಗೆ ಗಟ್ಟಿ ಮಾಡಿ ತಳ್ಳುತ್ತಾರೆ. ತಿಳಿಸಾರು ಅನ್ನದ ಸಂದಿನಲ್ಲಿ ಇಳಿದು ಹೋಗುತ್ತದೆ, ಗಂಜಿ ಮುಂದಿನದನ್ನು ತಳ್ಳಿಕೊಂಡೇ ಹೋಗುತ್ತದೆ. ಇದು ಜಗತ್ತಿನ ದೊಡ್ಡ ಪಾಲಿಮರ್ ಯೋಜನೆಗಳಲ್ಲಿ ಒಂದು. ಇದರ ಜೊತೆಗೆ ಹಳೇ ಬಾವಿಗಳ ನಡುವೆ ಹೊಸ ಬಾವಿ ಕೊರೆಯುವುದು, ಬಾವಿಯನ್ನು ನೆಟ್ಟಗೆ ಇಳಿಸಿ ಆಮೇಲೆ ಅಡ್ಡಕ್ಕೆ ತಿರುಗಿಸುವುದು ಎಲ್ಲ ನಡೆಯುತ್ತಿದೆ.

2025ರ ಜನವರಿಯಲ್ಲಿ ಓಎನ್‌ಜಿಸಿ ಬಾಂಬೆ ಹೈ ವಿಷಯದಲ್ಲಿ ದೊಡ್ಡ ತೀರ್ಮಾನ ಮಾಡಿತು. ಬ್ರಿಟನ್ನಿನ ಬಿಪಿ ಕಂಪನಿಯನ್ನು ತಾಂತ್ರಿಕ ಸಲಹೆಗೆ ತೆಗೆದುಕೊಂಡಿತು. ಹತ್ತು ವರ್ಷದ ಒಪ್ಪಂದ. ತೈಲದಲ್ಲಿ ಶೇ 44, ಅನಿಲದಲ್ಲಿ ಶೇ 89ರಷ್ಟು ಹೆಚ್ಚಳ ಸಾಧ್ಯ ಅಂತ ಬಿಪಿ ಸೂಚಿಸಿತು. ಬಹಳ ಕಡೆ ಇದನ್ನು ‘ಬಾಂಬೆ ಹೈ ಉತ್ಪಾದನೆ ಈಗಿನದಕ್ಕಿಂತ ಶೇ 44 ಏರಲಿದೆ’ ಅನ್ನುವ ಹಾಗೆ ಓದಿಕೊಂಡರು. ಹಾಗಲ್ಲ. ಹೋಲಿಕೆ ಮಾಡುವುದು ಬೇಸ್‌ಲೈನ್ ಜೊತೆ. ಬೇಸ್‌ಲೈನ್ ಅಂದರೆ ಈ ಒಪ್ಪಂದ ಇಲ್ಲದಿದ್ದರೆ ಹತ್ತು ವರ್ಷದಲ್ಲಿ ಒಟ್ಟು ಎಷ್ಟು ಬರುತ್ತಿತ್ತೋ ಆ ಅಂದಾಜು. ಆ ಗೆರೆಯೇ ವರ್ಷ ವರ್ಷ ಇಳಿಯುವ ಗೆರೆ. ಇಳಿಯುವ ಗೆರೆಗಿಂತ ಶೇ 44 ಮೇಲೆ ಅಂದರೆ ಇವತ್ತಿನ ಮಟ್ಟವನ್ನು ಕಾಪಾಡಿಕೊಂಡು ಹೋಗುವುದಕ್ಕೆ ಹತ್ತಿರದ ಮಾತು. ಅದೂ ದೊಡ್ಡದೇ. ಆದರೆ 1985 ಮರಳಿ ಬರುವುದಿಲ್ಲ.

ಲಾಲ್‌ಬಾಗ್ ಬಂಡೆ ಮತ್ತು ಅಂಡಮಾನ್ ಸಮುದ್ರ

ಎರಡನೇ ದಾರಿ, ಹುಡುಕುವುದು. ಲಾಲ್‌ಬಾಗ್ ಬಂಡೆಯ ಮೇಲೆ ಹತ್ತಿ ನಿಂತರೆ ಇದರ ಅರ್ಧ ಪಾಠ ಅಲ್ಲೇ ಸಿಗುತ್ತದೆ. ಸುಮಾರು 300 ಕೋಟಿ ವರ್ಷ ಹಳೆಯ ಬಂಡೆ ಅದು. ನೆಲದಾಳದ ಬಿಸಿ, ಒತ್ತಡಕ್ಕೆ ಸಿಕ್ಕಿ ರೂಪ ಬದಲಿಸಿದ ಕಲ್ಲು. ತೈಲ ಹುಟ್ಟುವುದು ಸಮುದ್ರ, ಸರೋವರಗಳ ತಳದಲ್ಲಿ ಸತ್ತ ಸಣ್ಣ ಜೀವಿಗಳು ಕೆಸರಿನ ಜೊತೆ ಪದರ ಪದರವಾಗಿ ಹೂತು, ಬೆಂದು, ಕೋಟ್ಯಂತರ ವರ್ಷ ಕಳೆದ ಮೇಲೆ. ಆ ಕೆಸರಿನ ಪದರಗಳೇ ಇಲ್ಲದ ಕಡೆ ಎಷ್ಟು ಆಳಕ್ಕೆ ಕೊರೆದರೂ ತೈಲ ಬರುವುದಿಲ್ಲ. ಬೆಂಗಳೂರು, ಮೈಸೂರು, ಕೋಲಾರದ ಕಡೆ ತೈಲ ಯಾಕಿಲ್ಲ ಅನ್ನುವುದಕ್ಕೆ ಉತ್ತರ ಇದೇ. ಬಾಗಲಕೋಟೆ, ಕಲಬುರಗಿ ಕಡೆಯ ಕಲಾದಗಿ–ಭೀಮಾ ಪದರಗಳು, ಮಂಗಳೂರು ಎದುರಿನ ಕೊಂಕಣ–ಕೇರಳ ಸಮುದ್ರ ದೇಶದ ಪಟ್ಟಿಯಲ್ಲಿವೆ. ಅಲ್ಲಿ ಈವರೆಗೆ ತೈಲ ಉತ್ಪಾದನೆ ಇಲ್ಲ. ಕಾವೇರಿ ಸಮುದ್ರ ಸೇರುವ ನಾಗಪಟ್ಟಿಣದ ಕಡೆ ಮಾತ್ರ ಸ್ವಲ್ಪ ತೈಲ, ಅನಿಲ ಬರುತ್ತದೆ.

ದೇಶದಲ್ಲಿ ಇಂಥ ಕೆಸರುಗಲ್ಲಿನ 26 ಪ್ರದೇಶಗಳಿವೆ. ನೆಲ, ಸಮುದ್ರ ಸೇರಿ ಸುಮಾರು 33.6 ಲಕ್ಷ ಚದರ ಕಿಲೋಮೀಟರ್. ಇದರಲ್ಲಿ ಸರಿಯಾಗಿ ಹುಡುಕಿ ನೋಡಿದ್ದು ಸಣ್ಣ ಪಾಲು. ರಕ್ಷಣೆಯ ಕಾರಣಕ್ಕೆ ಮುಚ್ಚಿದ್ದ ಸುಮಾರು 10 ಲಕ್ಷ ಚದರ ಕಿಲೋಮೀಟರ್ ಸಮುದ್ರವನ್ನು 2022ರಲ್ಲಿ ತೆರೆದರು. ಅಂಡಮಾನ್ ಅದರಲ್ಲಿ ಮುಖ್ಯವಾದದ್ದು.

ಅಂಡಮಾನ್ ಮೇಲೆ ಆಸೆ ಇಡುವುದು ಗಾಳಿಮಾತಲ್ಲ. ಅದರ ಉತ್ತರಕ್ಕೆ ಮ್ಯಾನ್ಮಾರ್, ದಕ್ಷಿಣಕ್ಕೆ ಸುಮಾತ್ರಾ. ಒಂದೇ ಸಾಲಿನ ಭೂಮಿ. ಎರಡೂ ಕಡೆ ತೈಲ, ಅನಿಲ ಸಿಕ್ಕಿದೆ. 2025ರ ಸೆಪ್ಟೆಂಬರ್‌ನಲ್ಲಿ ಆಯಿಲ್ ಇಂಡಿಯಾ ಕಂಪನಿಗೆ ಅಲ್ಲಿನ ಒಂದು ಬಾವಿಯಲ್ಲಿ ಅನಿಲ ಕಂಡಿತು. ಅದು ಅನಿಲ, ಕಚ್ಚಾ ತೈಲ ಅಲ್ಲ. ಒಂದು ಬಾವಿಯಲ್ಲಿ ಕಂಡದ್ದು ಎಷ್ಟು ದೊಡ್ಡದು, ಲಾಭಕ್ಕೆ ತೆಗೆಯಬಹುದಾ ಅಂತ ತಿಳಿಯುವುದಕ್ಕೆ ಇನ್ನೂ ಹಲವು ಬಾವಿ ಬೇಕು. ನಮ್ಮ ಮೆಕ್ಯಾನಿಕ್‌ಗೆ ಬಂದ ವಾಟ್ಸ್‌ಆ್ಯಪ್ ಸಂದೇಶದ ಬೇರು ಇದೇ ಇರಬೇಕು.

ಇದನ್ನು ಗಯಾನಾಗೆ ಹೋಲಿಸುವವರಿದ್ದಾರೆ. ದಕ್ಷಿಣ ಅಮೆರಿಕದ ಈ ಪುಟ್ಟ ದೇಶದ ಎದುರಿನ ಸಮುದ್ರದಲ್ಲಿ 2015ರಲ್ಲಿ ತೈಲ ಸಿಕ್ಕಿತು, 2019ರ ಡಿಸೆಂಬರ್‌ನಲ್ಲಿ ಉತ್ಪಾದನೆ ಶುರುವಾಯಿತು, ಈಗ ಅದು ಇಡೀ ಭಾರತಕ್ಕಿಂತ ಜಾಸ್ತಿ ತೆಗೆಯುತ್ತದೆ. ಹಾಗೆ ಆಗಬಾರದು ಅಂತ ಯಾರು ಹೇಳುತ್ತಾರೆ? ಆದರೆ ಕಂಡಿಲ್ಲದ ತೈಲವನ್ನು ಲೆಕ್ಕಕ್ಕೆ ಹಿಡಿಯುವುದು ಬೋರ್ ಕೊರೆಯುವ ಮೊದಲೇ, ಬರೀ ಪಾಯಿಂಟ್ ಗುರುತು ಮಾಡಿಸಿದ ದಿನವೇ, ತೋಟಕ್ಕೆ ಅಡಿಕೆ ಸಸಿ ತಂದಿಟ್ಟ ಹಾಗೆ. ಈ ದಶಕದ ಅಂದಾಜಿನಲ್ಲಿ ನಾನಂತೂ ಅಂಡಮಾನ್ ತೈಲವನ್ನು ಸೇರಿಸುವುದಿಲ್ಲ. ಇವತ್ತು ದೊಡ್ಡದು ಸಿಕ್ಕರೂ ಕೊಳವೆಗೆ ಬರುವುದಕ್ಕೆ ಹತ್ತಿರ ಹತ್ತಿರ ಹತ್ತು ವರ್ಷ ಬೇಕು ಅನ್ನುವುದನ್ನು ಕೃಷ್ಣಾ–ಗೋದಾವರಿ ತೋರಿಸಿದೆ.

ಹುಡುಕುವುದಕ್ಕೆ ಹಣ ಹಾಕುವವರು ಬೇಕಲ್ಲ? ಆಳ ಸಮುದ್ರದಲ್ಲಿ ಕೊರೆದ ಬಾವಿ ಫೇಲಾದರೆ ನೂರಾರು ಕೋಟಿ ರೂಪಾಯಿ ಹೋದ ಹಾಗೆ. ಆ ನಷ್ಟ ತಡೆಯುವ ದೊಡ್ಡ ಕಂಪನಿಗಳು ನಿಯಮ ಆಗಾಗ ಬದಲಾಗದ ದೇಶವನ್ನು ಹುಡುಕುತ್ತವೆ. ನಮ್ಮಲ್ಲಿ 2012ರಲ್ಲಿ ಹಿಂದಿನ ತಾರೀಕಿನಿಂದ ಅನ್ವಯವಾಗುವ ತೆರಿಗೆ ಕಾನೂನು ಬಂತು. ಮಂಗಳಾ ಹುಡುಕಿದ ಕೇರ್ನ್ ಮೇಲೇ ಅದು ಬಿತ್ತು. ವ್ಯಾಜ್ಯ ಹೇಗ್ ನಗರದ ಅಂತರರಾಷ್ಟ್ರೀಯ ಮಧ್ಯಸ್ಥಿಕೆ ನ್ಯಾಯಮಂಡಳಿಯವರೆಗೆ ಹೋಯಿತು, 2020ರ ಡಿಸೆಂಬರ್‌ನಲ್ಲಿ ಭಾರತ ಸೋತಿತು, 2021ರಲ್ಲಿ ಆ ಕಾನೂನನ್ನು ತೆಗೆದುಹಾಕಿದರು. 2022ರ ಜುಲೈಯಲ್ಲಿ ರೇಟು ಏರಿದಾಗ ದೇಶದೊಳಗಿನ ತೈಲದ ಮೇಲೆ ವಿಶೇಷ ತೆರಿಗೆ ಬಂತು, 2024ರ ಡಿಸೆಂಬರ್‌ನಲ್ಲಿ ಹೋಯಿತು. 2016ರ ಹೊಸ ನೀತಿಯಲ್ಲಿ ಕಂಪನಿಗಳು ತಮಗೆ ಬೇಕಾದ ಜಾಗವನ್ನು ತಾವೇ ಆರಿಸಬಹುದು ಅಂತ ಮಾಡಿದರೂ, ಬಂದವರು ಹೆಚ್ಚಾಗಿ ನಮ್ಮವರೇ. 2025ರಲ್ಲಿ ಸಂಸತ್ತು ತೈಲಕ್ಷೇತ್ರ ಕಾಯ್ದೆಗೆ ತಿದ್ದುಪಡಿ ಮಾಡಿ, ಒಪ್ಪಂದದ ನಿಯಮ ನಡುವೆ ಬದಲಾಗದಂತೆ ಭರವಸೆ ಕೊಡುವ ದಾರಿ ಮಾಡಿದೆ. ಸರಿಯಾದ ಹೆಜ್ಜೆ. ಹತ್ತು ವರ್ಷ ಮೊದಲೇ ಇಡಬೇಕಿತ್ತು.

2030ಕ್ಕೆ ಎಷ್ಟು?

ಐಇಎ 2024ರ ಫೆಬ್ರುವರಿಯಲ್ಲಿ ಭಾರತದ ಬಗ್ಗೆಯೇ ಒಂದು ವರದಿ ಹೊರತಂದಿತು. ಅದರ ಪ್ರಕಾರ 2030ಕ್ಕೆ ನಮ್ಮ ಬೇಡಿಕೆ ದಿನಕ್ಕೆ ಸುಮಾರು 66 ಲಕ್ಷ ಬ್ಯಾರೆಲ್, ನಮ್ಮ ಉತ್ಪಾದನೆ ಸುಮಾರು 5.4 ಲಕ್ಷ ಬ್ಯಾರೆಲ್. ಜಗತ್ತಿನಲ್ಲಿ ತೈಲದ ಬೇಡಿಕೆ ಅತಿ ಹೆಚ್ಚು ಬೆಳೆಯುವ ದೇಶ ಭಾರತವೇ ಅಂತ ಅದು ಹೇಳುತ್ತದೆ. ಸರ್ಕಾರ, ಓಎನ್‌ಜಿಸಿ ಹೇಳುವ ಗುರಿಗಳು ಇದಕ್ಕಿಂತ ಎತ್ತರ. ನನ್ನ ಅಂದಾಜು ನಡುವೆ ಎಲ್ಲೋ ಇದೆ. ಬಾಂಬೆ ಹೈ ಕೆಲಸ ಚೆನ್ನಾಗಿ ನಡೆದರೆ, ಕೃಷ್ಣಾ–ಗೋದಾವರಿ ಗುರಿಯ ಹತ್ತಿರ ಬಂದರೆ, 2.8ರಿಂದ 3 ಕೋಟಿ ಟನ್‌ನಲ್ಲಿ ನಿಲ್ಲಿಸಿಕೊಳ್ಳಬಹುದು. ಎರಡರಲ್ಲಿ ಒಂದು ಎಡವಿದರೂ ಐಇಎ ಮಾತೇ ನಿಜವಾಗುತ್ತದೆ. ಎರಡರಲ್ಲಿ ಯಾವುದು ಆದರೂ ಆಮದು ಶೇ 90ರ ಆಸುಪಾಸಿಗೆ ಹೋಗುತ್ತದೆ.

ಇನ್ನು ರೇಟಿನ ಪ್ರಶ್ನೆ. ನಮ್ಮ ನೆಲದ ತೈಲ ಅಗ್ಗಕ್ಕೆ ಸಿಗುತ್ತದೆ ಅನ್ನುವುದು ತಪ್ಪು ತಿಳಿವಳಿಕೆ. ಬಾಡ್ಮೇರ್ ತೈಲವಾಗಲಿ ಬಾಂಬೆ ಹೈ ತೈಲವಾಗಲಿ ರಿಫೈನರಿಗೆ ಮಾರುವುದು ಅಂತರರಾಷ್ಟ್ರೀಯ ರೇಟಿನ ಲೆಕ್ಕದಲ್ಲೇ. ತೆಂಗಿನಕಾಯಿ ನಮ್ಮ ತೋಟದ್ದೇ ಆದರೂ ಸಂತೆಯಲ್ಲಿ ಅದಕ್ಕೆ ಸಂತೆಯ ರೇಟೇ. ಹಾಗಾಗಿ ಉತ್ಪಾದನೆ ಎರಡು ಪಟ್ಟಾದರೂ ಬಂಕ್‌ನಲ್ಲಿ ಐವತ್ತು ರೂಪಾಯಿ ಆಗುವುದಿಲ್ಲ. ಲಾಭ ಬೇರೆ ಕಡೆ ಇದೆ. 2024–25ರಲ್ಲಿ ಕಚ್ಚಾ ತೈಲ ತರಿಸಲು ದೇಶ ಸುಮಾರು 13,700 ಕೋಟಿ ಡಾಲರ್ ಕೊಟ್ಟಿದೆ. ಇಲ್ಲೇ ತೆಗೆದ ತೈಲದ ಹಣ ಇಲ್ಲೇ ಸಂಬಳವಾಗಿ, ರಾಯಧನವಾಗಿ, ತೆರಿಗೆಯಾಗಿ ಸುತ್ತುತ್ತದೆ. ಎಲ್ಲೋ ಯುದ್ಧ ಶುರುವಾಗಿ ಹಡಗು ನಿಂತರೆ ಕೈಯಲ್ಲಿ ಇರುವುದೂ ಅದೇ.

ಹಡಗು ನಿಲ್ಲುವ ಮಾತು ಬಂದಾಗ ನಮ್ಮ ರಾಜ್ಯದ ಪಾತ್ರ ಹೇಳಲೇಬೇಕು. ತೈಲ ಕೊಡದ ನಮ್ಮ ಹಳೇ ಬಂಡೆ ತೈಲ ಕಾಯುವುದಕ್ಕೆ ಬಹಳ ಒಳ್ಳೆಯದು. ಉಡುಪಿ ಜಿಲ್ಲೆಯ ಪಾದೂರಿನಲ್ಲಿ ಬಂಡೆಯೊಳಗೆ ಗುಹೆ ಕೊರೆದು 25 ಲಕ್ಷ ಟನ್, ಮಂಗಳೂರಿನಲ್ಲಿ 15 ಲಕ್ಷ ಟನ್ ಕಚ್ಚಾ ತೈಲ ಇಡುವ ವ್ಯವಸ್ಥೆ ಇದೆ. ವಿಶಾಖಪಟ್ಟಣದ 13.3 ಲಕ್ಷ ಟನ್ ಸೇರಿದರೆ ಒಟ್ಟು 53.3 ಲಕ್ಷ ಟನ್. ದೇಶಕ್ಕೆ ಒಂಬತ್ತು ಒಂಬತ್ತೂವರೆ ದಿನಕ್ಕೆ ಆಗುವಷ್ಟು. ಅದರಲ್ಲಿ ಮುಕ್ಕಾಲು ಪಾಲು ಜಾಗ ಕರ್ನಾಟಕದ ಕರಾವಳಿಯಲ್ಲಿದೆ. ಪಾದೂರಿನಲ್ಲಿ ಇನ್ನೊಂದು 25 ಲಕ್ಷ ಟನ್‌ಗೆ ಜಾಗ ಮಾಡುವ ಯೋಜನೆಗೂ ಒಪ್ಪಿಗೆ ಸಿಕ್ಕಿದೆ.

ಸ್ಕೂಟರ್ ರೆಡಿಯಾಗುವ ಹೊತ್ತಿಗೆ ಮೆಕ್ಯಾನಿಕ್‌ಗೆ ಅರ್ಧಕ್ಕರ್ಧ ಹೇಳಿ ಮುಗಿಸಿದ್ದೆ. ಅವನು ಸ್ವಲ್ಪ ಯೋಚಿಸಿ, “ಹಂಗಾದ್ರೆ ನಿಮ್ಮ ಟ್ಯಾಂಕ್‌ನಲ್ಲಿ ನಮ್ಮ ದೇಶದ್ದು ಎಷ್ಟಿದೆ ಮೇಡಂ?” ಅಂದ. ಅಲ್ಲೇ ಲೆಕ್ಕ ಹಾಕಿದೆವು. ಐದು ಲೀಟರ್ ಟ್ಯಾಂಕ್. ಈಗ ಬಂಕ್‌ನಲ್ಲಿ ಸಿಗುವುದು ಶೇ 20 ಎಥೆನಾಲ್ ಬೆರೆಸಿದ ಪೆಟ್ರೋಲ್. ಹಾಗಾಗಿ ಒಂದು ಲೀಟರ್ ಕಬ್ಬು, ಜೋಳ, ಅಕ್ಕಿಯಿಂದ ಬಂದದ್ದು. ಉಳಿದ ನಾಲ್ಕು ಲೀಟರ್ ಪೆಟ್ರೋಲ್ ಬಹುಶಃ ಮಂಗಳೂರಿನ ರಿಫೈನರಿಯಲ್ಲಿ ತಯಾರಾಗಿ, ಹಾಸನದ ಮೇಲೆ ಹಾದು, 362 ಕಿಲೋಮೀಟರ್ ಪೈಪ್‌ಲೈನ್‌ನಲ್ಲಿ ಹೊಸಕೋಟೆ ಹತ್ತಿರದ ದೇವನಗೊಂದಿಗೆ ಬಂದು, ಅಲ್ಲಿಂದ ಟ್ಯಾಂಕರ್‌ನಲ್ಲಿ ನಮ್ಮ ಬಂಕ್‌ಗೆ ಬಂದಿರಬೇಕು. ದೇಶದ ಸರಾಸರಿ ಹಿಡಿದರೆ ಆ ನಾಲ್ಕರಲ್ಲಿ ಮೂರೂವರೆ ಲೀಟರ್ ಹೊರಗಿನ ಕಚ್ಚಾ ತೈಲದ್ದು. ಅರ್ಧ ಲೀಟರ್ ನಮ್ಮದು.

“ಆ ಅರ್ಧ ಲೀಟರ್ ಎಲ್ಲಿಂದ?”

ದೊಡ್ಡ ಪಾಲು ಮುಂಬೈ ಎದುರಿನ ಸಮುದ್ರದಿಂದ. ಆಮೇಲೆ ಬಾಡ್ಮೇರ್, ಗುಜರಾತ್, ಅಸ್ಸಾಂ. ಈಗ ಕಾಕಿನಾಡ ಕಡೆಯಿಂದ ಒಂದು ಗುಟುಕು. ಅವನು ಕೈ ಒರೆಸಿಕೊಂಡು ಟ್ಯಾಂಕ್ ಮುಚ್ಚಳ ಬಿಗಿಯಾಗಿ ತಿರುಗಿಸಿ, ಕೀ ಕೊಟ್ಟ.